ಸೈಕಲ್ ಕಡ್ಡಿಯ ತುದಿ

ದಾವಣಗೆರೆಯ ನಮ್ಮ ವಾಣಿಜ್ಯ ಸಂಕೀರ್ಣದ ಮಾಲಿ, ನೀರು ಬಿಡುವ ಮೊದಲು ಗಿಡಮರಗಳ ಬುಡಕ್ಕೆ ಸೈಕಲ್ ಕಡ್ಡಿ ಚುಚ್ಚಿ ತೆಗೆಯುತ್ತಿದ್ದರು. ತುದಿಗೆ ಹಸಿಮಣ್ಣು ಅಂಟಿದ್ದರೆ, "ಇನ್ನೂ ಐತ್ರಿ," ಎಂದು ಪೈಪ್ ಸುತ್ತಿಡುತ್ತಿದ್ದರು.

ಬರದ ಬೇಸಿಗೆಯಲ್ಲಿ ವಾರಕ್ಕೊಂದೇ ಟ್ಯಾಂಕರ್ ಬರುತ್ತಿತ್ತು. ಮ್ಯಾನೇಜರ್ ಆಗಿದ್ದ ನಾನು, "ನಾಳೆ ಮಾಲೀಕರು ಬರ್ತಾರೆ, ಮುಂದಿನ ಹುಲ್ಲುಹಾಸಿಗೆ ನೀರು ಬಿಡ್ರಿ," ಎಂದೆ.

"ಹುಲ್ಲು ಸತ್ತಂಗೆ ನಾಟಕ ಮಾಡ್ತೈತ್ರಿ ಸಾಹೇಬ್ರ. ಹೊಂಗೆ ಮರಕ್ಕೆ ಆ ನಾಟಕ ಬರಲ್ರಿ," ಎಂದವರು ನೀರನ್ನೆಲ್ಲ ಹೊಂಗೆಗಳಿಗೆ ಹಾಕಿದರು.

ಮರುದಿನ ಮಾಲೀಕರು ಕಂದಿದ ಹುಲ್ಲು ನೋಡಿ, "ಪೂರಾ ಸತ್ತೈತಲ್ರಿ! ಇವ್ರನ್ನ ಕೆಲ್ಸದಿಂದ ಬಿಡಿಸ್ರಿ," ಎಂದರು. ನಾನು ಮಾಲಿಯ ಬಾಕಿ ಸಂಬಳ ಎಣಿಸಿ ಕೊಟ್ಟೆ. ಮಾಲಿ ನನ್ನ ಕೈಗೆ ಕಡ್ಡಿ ಕೊಟ್ಟು, "ಹೊಂಗೆ ನೋಡ್ಕೊಳ್ರಿ," ಎಂದು ಹರಿಹರದ ಬಸ್ ಹತ್ತಿದರು.

ಎರಡೇ ಮಳೆಗೆ ಹುಲ್ಲು ಹಸಿರಾಯಿತು. ಈಗ ದಿನವೂ ಬುಡಕ್ಕೆ ಕಡ್ಡಿ ಚುಚ್ಚಿ ತೆಗೆಯುತ್ತೇನೆ. ಅಂದು ಮಾಲೀಕರಿಗೆ ಹೇಳಬೇಕಿದ್ದ ಮಾತನ್ನು ಮೆಲ್ಲಗೆ ಹೊಂಗೆಗೆ ಹೇಳುತ್ತೇನೆ: "ಇನ್ನೂ ಐತ್ರಿ."