ಸದರಿ ದಾರಿಯ ವಿಚಾರ

ಇಲ್ಲ, ಹುಣಸೆಮರ ಬಲಗಡೆಗೇ ಇದ್ದಿರಬೇಕು. ಅಥವಾ ಅಲ್ಲಿ ಮರವೇ ಇರಲಿಲ್ಲವೋ ಏನೋ. ಬರೀ ದಾರಿ ನೆನಪಿನಲ್ಲಿ ಬೋಳುಬೋಳಾಗಿ ಕಾಣುತ್ತದೆಂದು ಆಮೇಲೆ ನಾನೇ ಒಂದು ಮರ ನೆಟ್ಟುಕೊಂಡಿರಬಹುದು. ಇಷ್ಟು ವರ್ಷ ಈ ಅನುಮಾನದಿಂದ ಯಾರಿಗೂ ತೊಂದರೆಯಿರಲಿಲ್ಲ. ನಂಜನಗೂಡಿನ ಕೋರ್ಟಿನ ಸಮನ್ಸು ಹಿಡಿದು ಅಮೀನರೊಬ್ಬರು ತಿ. ನರಸೀಪುರದ ನಮ್ಮ ಮನೆ ಬಾಗಿಲಿಗೆ ಬಂದರು ನೋಡಿ, ಅವತ್ತಿನಿಂದ ಮರದ ಜಾಗ ಮುಖ್ಯವಾಯಿತು.

ಅಮೀನ ಎಂದರೆ ಮೂಲದಲ್ಲಿ ನಂಬಿಕಸ್ಥ ಎಂದು ಅರ್ಥವಂತೆ. ನನ್ನ ಹೆಂಡತಿಗೆ ಅದು ಗೊತ್ತಿಲ್ಲದ ಕಾರಣ ಆ ನಂಬಿಕಸ್ಥರನ್ನು ಹೊಸಿಲಾಚೆಯೇ ನಿಲ್ಲಿಸಿ, ಒಳಗೆ ಬಂದು, "ಏನ್ ಮಾಡ್ಕೊಂಡ್ರೀ?" ಎಂದು ನನ್ನನ್ನು ಪಿಸುಮಾತಿನಲ್ಲಿ ವಿಚಾರಿಸಿದಳು.

ಮಾಡಿಕೊಂಡದ್ದು ಇಷ್ಟೇ. ನಮ್ಮೂರ ಕಡೆ, ಹುಲ್ಲಹಳ್ಳಿಯ ಹತ್ತಿರ, ದೇವಮ್ಮ ಎಂಬ ಹಿರಿಯಾಕೆಗೆ ಒಂದೆಕರೆ ಗದ್ದೆಯಿದೆ. ನಾಲೆ ಏರಿಯಿಂದ ಅಲ್ಲಿಗೆ ಹೋಗಬೇಕಾದರೆ ಬಸವಣ್ಣನ ಜಮೀನಿನ ಅಂಚಿನಲ್ಲಿ ಹಾಯಬೇಕು. ಬಸವಣ್ಣ ಅಲ್ಲಿಗೆ ತಂತಿಬೇಲಿ ಬಿಗಿದ. ಟ್ರ್ಯಾಕ್ಟರ್ ಒಳಗೆ ಹೋಗಲಾಗದೆ ಗದ್ದೆ ಒಂದು ವರ್ಷ ಬೀಳು ಬಿತ್ತು. ಇನ್ನೊಂದು ವರ್ಷ ಹೀಗೇ ಆದರೆ ಅದನ್ನು ಬಸವಣ್ಣನಿಗೇ ಕೊಟ್ಟು ಕೈತೊಳೆದುಕೊಳ್ಳಬೇಕು. ಅದಕ್ಕೇ ದೇವಮ್ಮ ದಾವೆ ಹಾಕಿದ್ದು. ಆಕೆಯ ಗದ್ದೆಯ ಆಚೆಗೆ ಹಿಂದೆ ನಮ್ಮಪ್ಪನ ಗದ್ದೆಯಿತ್ತು. ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ಹೊತ್ತು ಆ ದಾರಿಯಲ್ಲೇ ಹೋಗುತ್ತಿದ್ದೆ ಎಂದು ನಾನು ಯಾವುದೋ ಮದುವೆಯ ಪಂಕ್ತಿಯಲ್ಲಿ ಹೇಳಿದ್ದೆನಂತೆ. ದೇವಮ್ಮ ಪಕ್ಕದ ಎಲೆಯಲ್ಲಿದ್ದಳು.

ಆಕೆಯ ಹಳೆಯ ಕ್ರಯಪತ್ರವನ್ನು ನಾನು ನೋಡಿದೆ. ರಾಜರು ಶಾಸನ ಕೆತ್ತಿಸುತ್ತಿದ್ದ ಕಾಲದ ಮಾತುಗಳು ಅದರಲ್ಲಿ ಹಾಗೇ ಉಳಿದಿವೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವೇ ಅಷ್ಟಭೋಗಗಳು. ಹೂತಿಟ್ಟ ಹೊನ್ನು ಆಕೆಯದು, ಸಿಕ್ಕ ಕಲ್ಲು ಆಕೆಯದು, ಈಗಿರುವ ಫಲ ಆಕೆಯದು, ಮುಂದೆ ಬರಬಹುದಾದದ್ದೂ ಆಕೆಯದು. ಇಷ್ಟೆಲ್ಲ ಧಾರಾಳವಾಗಿ ಬರೆದ ಪುಣ್ಯಾತ್ಮನಿಗೆ ಗದ್ದೆಯ ಯಜಮಾನಿ ಗದ್ದೆಗೆ ಹೋಗುವುದು ಹೇಗೆ ಎಂದು ಒಂದು ಸಾಲು ಬರೆಯಲು ತೋಚಲಿಲ್ಲ. ಬಹುಶಃ ದಾರಿಯನ್ನು ಯಾರಾದರೂ ಮುಚ್ಚಬಹುದೆಂಬ ಕಲ್ಪನೆ ಆಗಿನವರಿಗೆ ಇರಲಿಲ್ಲ. ಹೀಗೆ ಬರೆದೆನಾದರೂ ನನಗೆ ನಂಬಿಕೆಯಿಲ್ಲ. ಆಗಿನವರಿಗೂ ಬಸವಣ್ಣಂದಿರು ಇದ್ದೇ ಇದ್ದರು.

ಮೊದಲ ಮೂರು ಸಲ ನಂಜನಗೂಡಿಗೆ ಹೋದಾಗ ವಾಯಿದೆ ಬಿತ್ತು. ವಾಯಿದೆ ಎಂದರೆ ಮೂಲದಲ್ಲಿ ವಾಗ್ದಾನ. ಬಸ್ಸಿನಲ್ಲಿ ಮರಳುವಾಗ, ಮುಂದಿನ ತಿಂಗಳು ಖಂಡಿತ ಎಂದು ಯಾರೋ ನನಗೆ ಪ್ರೀತಿಯಿಂದ ಮಾತು ಕೊಟ್ಟಂತೆ ಅನ್ನಿಸುತ್ತಿತ್ತು. ಕೋರ್ಟಿನೆದುರಿನ ಟೀ ಅಂಗಡಿಯಲ್ಲಿ ಪ್ರತಿವಾದಿ ಬಸವಣ್ಣನೇ ಸಿಗುತ್ತಿದ್ದ. ಅವನು ನನ್ನ ಶಾಲೆಯ ಜೊತೆಗಾರ.

"ಏನ್ಲಾ, ನನ್ ಮ್ಯಾಲೆ ಸಾಕ್ಷಿ ಏಳಕ್ ಬಂದಿದ್ದೀಯಾ? ಟೀ ಕುಡಿ ಮೊದ್ಲು, ಗಂಟ್ಲು ಒಣಗ್ದಂಗೆ ಏಳೀವಂತೆ."

ನಮ್ಮ ಕಡೆಯ ವಕೀಲರು ನನ್ನ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಸಿದ್ಧಪಡಿಸಿದ್ದರು. ಅದರ ಪ್ರಕಾರ ನಾನು ಸದರಿ ದಾರಿಯಲ್ಲಿ ಬಹಿರಂಗವಾಗಿ, ಶಾಂತಿಯುತವಾಗಿ, ನಿರಂತರವಾಗಿ ಸಂಚರಿಸಿದ್ದೆ. ಬುತ್ತಿ ಹೊತ್ತ ಪೋರನಿಗೆ ಇಷ್ಟು ಘನತೆ ಬಂದದ್ದು ಓದಿ ಎದೆ ಉಬ್ಬಿತು. ಆ ಉಬ್ಬರದಲ್ಲೇ ಬನ್ನೂರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಬುತ್ತಿ ಒಯ್ತಿದ್ದೋಳು ನಾನು ಕಣೋ," ಎಂದಳು ಅಕ್ಕ. "ನೀನು ಮನೇಲಿ ಬಿದ್ಕೊಂಡಿರ್ತಿದ್ದೆ."

"ಕಲ್ಲು ಎಡವಿ ನನ್ನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತಲ್ಲಾ?"

"ಕಾಲ್ ನೋಡ್ಕೋ."

ನೋಡಿಕೊಂಡೆ. ಹತ್ತು ಉಗುರೂ ನೆಟ್ಟಗಿದ್ದವು. ಅಕ್ಕನ ಬಲಗಾಲಿನ ಉಗುರು ಈಗಲೂ ಸೊಟ್ಟ. ಹಾಗಾದರೆ ಅಕ್ಕನನ್ನೇ ಸಾಕ್ಷಿಗೆ ಕರೆಯೋಣವೆಂದರೆ, ಅವಳ ಪ್ರಕಾರ ತಾನು ಹೋಗುತ್ತಿದ್ದದ್ದು ಬಸವಣ್ಣನ ಕಡೆಯಿಂದಲೋ ಆಚೆ ಬದುವಿನ ಮೇಲೋ ನೆನಪಿಲ್ಲ. ನೆನಪಿರುವುದು ಉಗುರು ಮಾತ್ರ.

ಕೊನೆಗೂ ನನ್ನ ಹೆಸರು ಕೂಗಿದರು. ಪಾಟೀಸವಾಲಿಗೆ ಬಸವಣ್ಣನ ವಕೀಲರು ಎದ್ದರು.

"ದಾರೀಲಿ ಏನಾದ್ರೂ ಗುರುತು ಇತ್ತಾ?"

"ಹುಣಸೆಮರ ಇತ್ತು."

"ಎಡಕ್ಕೋ, ಬಲಕ್ಕೋ?"

"ಹೋಗುವಾಗಲೋ, ಬರುವಾಗಲೋ ಸಾರ್?"

ಹಿಂದೆ ಕೂತಿದ್ದವರು ನಕ್ಕರು. ವಕೀಲರು ನಗಲಿಲ್ಲ.

"ಇದು ನಿಮಗೆ ಖುದ್ದು ನೆನಪಿರೋದೋ, ಯಾರಾದ್ರೂ ಹೇಳಿ ಕೇಳಿದ್ದೋ?"

ಅಕ್ಕನಿಗೆ ಫೋನು ಮಾಡದಿದ್ದರೆ ಸಲೀಸಾಗಿ ಉತ್ತರಿಸುತ್ತಿದ್ದೆ. "ಗೊತ್ತಿಲ್ಲ ಸಾರ್," ಎಂದೆ. ಪ್ರತಿಕೂಲ ಸಾಕ್ಷಿ ಎಂಬ ಮಾತನ್ನು ಅದುವರೆಗೆ ಪತ್ರಿಕೆಯಲ್ಲಿ ಓದಿದ್ದೆ. ಅದರ ಅರ್ಥ ನಮ್ಮ ವಕೀಲರ ಮುಖದಲ್ಲಿ ಕಂಡಿತು.

ಹೊರಗೆ ಬಂದ ಮೇಲೆ ದೇವಮ್ಮ ಜೋರು ಮಾಡಲಿಲ್ಲ. "ನಿಂಗೆ ಓದಿದ್ದು ಜಾಸ್ತಿ ಆಗೋಯ್ತು ಕಣ್ ಮೊಗ," ಎಂದಳು. "ಇತ್ತು ಅನ್ನಕ್ಕೆ ಎಲ್ಡಕ್ಸರ. ಅದ್ ಬರ್ನಿಲ್ವಲ್ಲ ನಿನ್ ಬಾಯಲ್ಲಿ. ನಂಗೆ ಗದ್ದೆ ಓಯ್ತದೆ, ನಿಂಗೇನು?"

ನಿಜ, ನನಗೇನೂ ಹೋಗುತ್ತಿರಲಿಲ್ಲ.

ನನ್ನಿಂದ ಕೆಟ್ಟದ್ದನ್ನು ಸರಿಮಾಡಲು ನಮ್ಮ ವಕೀಲರು ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಬೇಕೆಂದು ಕೋರ್ಟನ್ನು ಕೇಳಿಕೊಂಡರು. ಯುವ ವಕೀಲರೊಬ್ಬರು ಕಮಿಷನರಾಗಿ ಬಂದರು. ಅವರಿಗಾಗಿ ತಂತಿ ಬಿಚ್ಚಲಾಯಿತು. ಬಸವಣ್ಣ ಮುಂದೆ ಮುಂದೆ ನಡೆದು, "ನೋಡಿ ಸಾ, ಎಲ್ಲದೆ ದಾರಿ? ಬನ್ನಿ, ಇತ್ಲಾಗೂ ನೋಡಿ," ಎಂದು ಎರಡು ಸಲ ಓಡಾಡಿಸಿದ. ವರದಿಗೆ ಎರಡೂ ಕಡೆಯವರು ತಕರಾರು ಹಾಕಿದರು. ಮತ್ತೊಬ್ಬ ಕಮಿಷನರು ಬಂದರು, ಸರ್ವೆಯವರು ಬಂದರು, ಸರ್ವೆಯವರು ಬರುವುದನ್ನು ನೋಡಲು ಊರವರು ಬಂದರು. ಮಳೆಯಾಗಿ ಕೆಸರಿದ್ದ ದಿನ, ಅಧಿಕಾರಿಗಳ ಬೂಟು ಹಾಳಾಗಬಾರದೆಂದು ಬಸವಣ್ಣ ಅವರನ್ನೆಲ್ಲ ತನ್ನ ಟ್ರ್ಯಾಕ್ಟರಿನ ಟ್ರೈಲರಿಗೆ ಹತ್ತಿಸಿಕೊಂಡು, ನಾಲೆ ಏರಿಯಿಂದ ದೇವಮ್ಮನ ಗದ್ದೆಯವರೆಗೆ ದಾರಿಯಿಲ್ಲವೆಂದು ತೋರಿಸಿಕೊಂಡು ಬಂದ.

ಕಳೆದ ವಾರ ನಾನು ಅಲ್ಲಿಗೆ ಹೋಗಿದ್ದೆ. ಎರಡು ಚಕ್ರದ ಜಾಡು, ನಡುವೆ ಹುಲ್ಲು, ಅಂಚಿನಲ್ಲಿ ಸವೆದ ಕಾಲುಹಾದಿ. ಕಮಿಷನರು ಇನ್ನೊಮ್ಮೆ ಬರಬಹುದು, ತಂತಿ ಕಟ್ಟಬೇಡ ಎಂದು ಬಸವಣ್ಣನಿಗೆ ಅವನ ವಕೀಲರೇ ಹೇಳಿದ್ದಾರಂತೆ. ಅದೇ ಜಾಡು ಹಿಡಿದು ಬಾಡಿಗೆಯ ಟ್ರ್ಯಾಕ್ಟರ್ ಬಂದು ದೇವಮ್ಮನ ಗದ್ದೆ ಉತ್ತು ಹೋಗಿದೆ, ನಾಟಿಯೂ ಮುಗಿದಿದೆ. ಆಕೆ ಗೊಬ್ಬರದ ಮಂಕರಿ ಹೊತ್ತು ಎದುರಾದಳು. ಸರಿದು ಜಾಗ ಬಿಟ್ಟೆ. ಆಕೆ ಸೊಂಟದ ಚೀಲದಿಂದ ಒಂದು ಅಡಿಕೆಹೋಳು ತೆಗೆದು ನನ್ನ ಕೈಗಿಟ್ಟು ಮುಂದೆ ಹೋದಳು.

ದಾವೆ ಇನ್ನೂ ಮುಗಿದಿಲ್ಲ. ಈಗ ಅಲ್ಲಿ ದಾರಿ ಇದೆ. ಇದನ್ನು ಯಾವ ವಕೀಲರು ಕೇಳಿದರೂ ಹೇಳಬಲ್ಲೆ. ಆಗ ಇತ್ತೇ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.