ಮಹಡಿಯಿಂದ ಬಂದ ರಿಜಿಸ್ಟರ್ಡ್ ಪತ್ರ

ನಮ್ಮಣ್ಣ ಮಹಡಿಯ ಮೇಲೆ, ನಾನು ಕೆಳಗೆ. ನಡುವೆ ಹದಿನಾಲ್ಕು ಮೆಟ್ಟಿಲು. ಅಷ್ಟನ್ನು ಇಳಿದು ಬಂದು ಹೇಳಬಹುದಾಗಿದ್ದ ಮಾತನ್ನು ಅವನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ. ಪೋಸ್ಟ್‌ಮ್ಯಾನ್ ಲಕೋಟೆ ಕೊಟ್ಟು, "ಮೇಲಿನವರು ಕೆಳಗಿನವರಿಗೆ ಬರೆದಿದ್ದಾರಲ್ಲ, ಏನಮ್ಮಾ ಸಮಾಚಾರ?" ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಪತ್ರದಲ್ಲಿ ಇದ್ದದ್ದು ಇಷ್ಟು. ತನಗೆ ಪ್ರಜ್ಞೆ ಇಲ್ಲದಾಗ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸಲು ತಂಗಿಗೆ ಕೊಟ್ಟಿದ್ದ ಅಧಿಕಾರವನ್ನು ಇಂದಿನಿಂದ ರದ್ದುಪಡಿಸಿದ್ದಾನೆ. ಹಳೆಯ ಪತ್ರವನ್ನು ಹಿಂದಿರುಗಿಸತಕ್ಕದ್ದು. ಆಸ್ಪತ್ರೆಗೊಂದು ಪ್ರತಿ, ವಕೀಲರಿಗೊಂದು ಪ್ರತಿ. ಜೊತೆಗೆ ಇನ್ನೊಂದು ಹಾಳೆ, ವಿಷಯ ನನಗೆ ತಿಳಿದಿದೆ ಎಂದು ನಾನು ಸಹಿ ಹಾಕಿ ಕೊಡುವುದಕ್ಕೆ. ಐವತ್ತೆಂಟು ವರ್ಷದಿಂದ 'ಪುಟ್ಟಿ' ಎಂದು ಕರೆದವನು ಅದರಲ್ಲಿ ನನ್ನನ್ನು 'ಸದರಿ ವ್ಯಕ್ತಿ' ಎಂದು ಬರೆಸಿದ್ದ.

ಅಣ್ಣನದು ತಕ್ಕಡಿ ರಿಪೇರಿ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ. ತಕ್ಕಡಿ ಬಂದರೆ ಮೊದಲು ಬಲಕ್ಕೆ ತೂಕದ ಬಟ್ಟು, ಎಡಕ್ಕೆ ಸಾಮಾನು ಇಟ್ಟು ತೂಗುತ್ತಾನೆ. ಆಮೇಲೆ ಎರಡನ್ನೂ ಅದಲುಬದಲು ಮಾಡಿ ಮತ್ತೆ ತೂಗುತ್ತಾನೆ. ಮನುಷ್ಯರನ್ನೂ ಅವನು ನೋಡುವುದು ಹೀಗೆಯೇ. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಒಂದು ಥರ ಕೇಳಿ, ಸಂಜೆ ತಿರುಗಿಸಿ ಕೇಳುತ್ತಾನೆ. ಗಲ್ಲಿಯವರು ಅವನಿಗೆ 'ಅನುಮಾನದ ಅಂಗಡಿ' ಎಂದು ಹೆಸರಿಟ್ಟಿದ್ದಾರೆ. ಹರೆಯದಲ್ಲಿ ಒಂದು ಹೆಣ್ಣು ನೋಡಿ ಬಂದೆವು. ಮಾರನೇ ದಿನವೇ ಅವರು ಒಪ್ಪಿದ್ದೇವೆ ಎಂದು ಹೇಳಿಕಳಿಸಿದರು. "ಇಷ್ಟು ಬೇಗ ಯಾಕೆ ಒಪ್ಪಿದ್ರು? ಏನೋ ಇದೆ" ಎಂದು ಇವನು ಹಿಂದೆ ಸರಿದ. ಮದುವೆಯ ಮಾತು ಅಲ್ಲಿಗೇ ಮುಗಿಯಿತು.

ಅಂಥವನು ಲೋಕದಲ್ಲಿ ನಂಬಿದ್ದು ನನ್ನೊಬ್ಬಳನ್ನೇ. ಎರಡು ವರ್ಷದ ಹಿಂದೆ ವಕೀಲರ ಬಳಿ ನನಗೆ ಆ ಅಧಿಕಾರ ಪತ್ರ ಬರೆಸಿಕೊಟ್ಟ. ಉಸಿರಾಟದ ಮಷಿನ್ನಿಗೆ ಹಾಕುವ ಪರಿಸ್ಥಿತಿ ಬಂದರೆ ಮೂರು ದಿನ ನೋಡುವುದು. ಗುಣ ಕಾಣದಿದ್ದರೆ ನಿಲ್ಲಿಸುವುದು. "ಮೂರು ಅಂದ್ರೆ ಮೂರು, ಪುಟ್ಟಿ" ಎಂದಿದ್ದ. ನಾನು ಪ್ಯಾಂಟಿನ ಅಂಚು ಹೊಲಿಯುತ್ತಾ, "ಆಯ್ತು ಬಿಡು" ಎಂದಿದ್ದೆ. ಮೂರು ದಿನ ಅಂದರೆ ಎಷ್ಟು ಚಿಕ್ಕದು ಎಂದು ಆಗ ನನಗೇನು ಗೊತ್ತು?

ಕಳೆದ ವರ್ಷ ಅವನಿಗೆ ಜ್ವರ ಶ್ವಾಸಕೋಶಕ್ಕೆ ಇಳಿದು ಮಷಿನ್ನಿಗೆ ಹಾಕಿದರು. ಮೂರನೇ ದಿನ ಡಾಕ್ಟರು ಪತ್ರ ಹಿಡಿದುಕೊಂಡೇ ಬಂದರು. "ಸುಧಾರಣೆ ಕಾಣ್ತಿಲ್ಲಮ್ಮ. ಏನು ಮಾಡೋಣ?" ನಾನು ಅಣ್ಣನ ಪಾದ ಮುಟ್ಟಿದೆ. ಬೆಚ್ಚಗಿತ್ತು. "ಇನ್ನೊಂದು ದಿನ ನೋಡೋಣ ಡಾಕ್ಟ್ರೇ" ಎಂದೆ. ನಾಲ್ಕನೇ ದಿನವೂ ಅದೇ ಮಾತು, ಐದನೇ ದಿನವೂ. ಒಂಬತ್ತನೇ ದಿನ ಅವನು ಕಣ್ಣು ಬಿಟ್ಟ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಅವನು ಕೇಳಿದಾಗ, "ಮೂರನೇ ದಿನವೇ ಎದ್ದೆಯಲ್ಲ" ಎಂದು ಸುಳ್ಳು ಹೇಳಿದೆ. ಕೊಟ್ಟ ಸಾಮಾನನ್ನೆಲ್ಲ ತಿರುಗಿಸಿ ತೂಗುವ ಮನುಷ್ಯನಿಗೆ! ಅವನು ಸದ್ದಿಲ್ಲದೆ ಹೋಗಿ ಆಸ್ಪತ್ರೆಯ ಕಡತದ ಪ್ರತಿ ತಂದು, ಭೂತಗನ್ನಡಿ ಹಿಡಿದು ತಾರೀಕು ಎಣಿಸಿದ್ದಾನೆ.

ಪತ್ರ ಬಂದ ದಿನ ಮಹಡಿ ಹತ್ತಿ ಕೂಗಾಡಿದೆ. "ನಾನು ಮಾತು ಉಳಿಸಿಕೊಂಡಿದ್ರೆ ಇವತ್ತು ನನಗೆ ಪತ್ರ ಬರೆಯೋಕೆ ನೀನೇ ಇರ್ತಿರಲಿಲ್ಲ!"

ಅವನು ತಲೆ ಎತ್ತಲಿಲ್ಲ. "ಬದುಕಿದ್ದು ಬೇರೆ ಮಾತು. ಗಿರಾಕಿಗೆ ಹೆಚ್ಚು ತೂಗಿಕೊಟ್ರೂ ಅದು ತಪ್ಪು ತಕ್ಕಡಿನೇ. ಹಳೇ ಪತ್ರ ಎಲ್ಲಿ?"

"ಕಳೆದುಹೋಯ್ತು."

"ಹೌದಾ?" ಎಂದ. ಆ ಒಂದು ಮಾತಿನಲ್ಲಿ ಅವನ ಕಸುಬೆಲ್ಲ ಇತ್ತು. ಪತ್ರ ನನ್ನ ನೂಲಿನ ಡಬ್ಬಿಯ ತಳದಲ್ಲಿತ್ತು. ಅಂದಿನಿಂದ ನಾನು ಹೊರಗೆ ಹೋದಾಗೆಲ್ಲ ಡಬ್ಬಿಗೆ ಬೀಗ ಹಾಕತೊಡಗಿದೆ.

ಆಮೇಲೆ ಅನುಮಾನದ ರೋಗ ನನಗೂ ಅಂಟಿತು. ನನ್ನ ಜಾಗಕ್ಕೆ ಯಾರನ್ನು ತಂದ? ಯಾರು ಇವನ ಕಿವಿ ಊದಿದರು? ಹೊಲಿಗೆ ಮಷಿನ್ ನಿಲ್ಲಿಸಿ ಮೆಟ್ಟಿಲ ಸದ್ದು ಕೇಳಿದೆ. ಪ್ರತಿ ಮಂಗಳವಾರ ಒಬ್ಬರು ಹತ್ತಿ ಹೋಗುತ್ತಿದ್ದರು. ಬಾಗಿಲ ಸಂದಿಯಿಂದ ನೋಡಿದರೆ ಮೊಹರಿನವರು! ತಕ್ಕಡಿ ಪರೀಕ್ಷೆ ಮಾಡಿ ಸರ್ಕಾರಿ ಮೊಹರು ಒತ್ತುತ್ತಿದ್ದ ಇನ್ಸ್‌ಪೆಕ್ಟರು, ಈಗ ನಿವೃತ್ತರು. ಅಣ್ಣನಿಗೂ ಅವರಿಗೂ ಮೂವತ್ತು ವರ್ಷ ಎಣ್ಣೆ ಸೀಗೆಕಾಯಿ ಸಂಬಂಧ. ಇವನು ರಿಪೇರಿ ಮಾಡಿದ ಹತ್ತರಲ್ಲಿ ಎರಡು ತಕ್ಕಡಿಯನ್ನಾದರೂ ಅವರು ತಿರಸ್ಕರಿಸದೆ ಬಿಟ್ಟವರಲ್ಲ. ತಂಗಿಯನ್ನು ಬಿಟ್ಟು ಪ್ರಾಣವನ್ನು ಇವರ ಕೈಗೆ ಕೊಟ್ಟನೇ? ಇವರು ಹಳೆಯ ಹಗೆ ತೀರಿಸಿಕೊಳ್ಳಲು ಕಾಯುತ್ತಿರಬಹುದು ಎಂದು ನಿಜವಾಗಿಯೂ ಹೆದರಿದೆ.

ಶುಕ್ರವಾರ ಅವರ ಮನೆಗೇ ಹೋದೆ. ಬರಿಯ ಗೋಡೆ, ಒಂದು ಮೇಜು, ಎರಡು ಕುರ್ಚಿ. ಕೂರುವ ಮೊದಲೇ ಕೇಳಿದೆ, "ನಮ್ಮಣ್ಣನ ತಲೆಗೆ ಇದನ್ನೆಲ್ಲ ತುಂಬಿದ್ದು ನೀವೇ ತಾನೆ ಸಾರ್?"

"ಅವರ ತಲೆಗೆ ಏನಾದ್ರೂ ತುಂಬೋಕೆ ಆಗುತ್ತಾ ಅಮ್ಮ?" ಎಂದರು. "ನಾನು ಬೇಡ ಅಂದೆ. ನಾಲ್ಕು ಮಂಗಳವಾರ ಕರೆಸಿದ್ರು. ನಾಲ್ಕು ಸಲ ಒಂದೇ ಪ್ರಶ್ನೆ. ಮೂರು ದಿನ ಆಗಿದೆ, ಗುಣ ಇಲ್ಲ, ಮೈ ಇನ್ನೂ ಬೆಚ್ಚಗಿದೆ. ನಿಲ್ಲಿಸಿ ಅಂತ ಹೇಳ್ತೀರಾ? ನಾನು ಹೇಳ್ತೀನಿ ಅಂದೆ. ನೀವು ಹೇಳ್ತೀರಾ?"

ಕೈಯಲ್ಲಿ ಆ ಪಾದದ ಬಿಸಿ ಇನ್ನೂ ಇತ್ತು. ಒಂಬತ್ತಲ್ಲ, ತೊಂಬತ್ತನೇ ದಿನವೂ ನಾನು ಹೇಳುತ್ತಿರಲಿಲ್ಲ. ಅವನಿಗಾಗಿ ಅಲ್ಲ, ನನಗಾಗಿ. ಮೇಲಿನಿಂದ ಹೆಜ್ಜೆಯ ಸದ್ದು ಕೇಳದ ಮನೆಯಲ್ಲಿ ಹೊಲಿಗೆ ಹಾಕುತ್ತಾ ಕೂರುವುದು ನನ್ನಿಂದ ಆಗದು. ಇದನ್ನು ಅಣ್ಣ ನನಗಿಂತ ಮೊದಲೇ ಕಂಡುಕೊಂಡಿದ್ದ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಪರ್ಸಿನಿಂದ ಅಣ್ಣ ಸಹಿಗೆ ಕಳಿಸಿದ್ದ ಹಾಳೆ ತೆಗೆದು ಅವರ ಮೇಜಿನ ಮೇಲೆಯೇ ಸಹಿ ಹಾಕಿದೆ. ಅವರ ಮುಖಕ್ಕೆ ಹಿಡಿಯಲೆಂದು ಡಬ್ಬಿಯಿಂದ ತೆಗೆದು ತಂದಿದ್ದ ಹಳೆಯ ಪತ್ರವನ್ನೂ ಜೊತೆಗಿಟ್ಟೆ.

"ಒಂದೇ ಒಂದು ಉಪಕಾರ ಮಾಡಿ ಸಾರ್" ಎಂದೆ. "ಅಂಥ ದಿನ ಬಂದ್ರೆ, ಹೇಳೋ ಮೊದಲು ನನಗೊಂದು ಮಾತು ತಿಳಿಸಿ."

ಅವರು ಕನ್ನಡಕ ತೆಗೆದು ಒರೆಸಿದರು. "ಆಗಲ್ಲಮ್ಮ. ಅದನ್ನೂ ಬರೆಸಿದ್ದಾರೆ. ಎಲ್ಲ ಮುಗಿದ ಮೇಲೆ ತಂಗಿಗೆ ತಿಳಿಸಬೇಕು, ಮೊದಲೇ ಗೊತ್ತಾದ್ರೆ ಬಾಗಿಲಿಗೆ ಅಡ್ಡ ನಿಂತ್ಕೋತಾಳೆ ಅಂತ."

"ಛೆ, ಹಾಗೆಲ್ಲ ಮಾಡ್ತೀನಾ ಸಾರ್" ಎಂದು ನಕ್ಕು ಎದ್ದುಬಂದೆ. ಆಸ್ಪತ್ರೆಯ ಆ ವಾರ್ಡಿಗೆ ಇರುವುದು ಎರಡು ಬಾಗಿಲು, ಎರಡೂ ನನಗೆ ಗೊತ್ತು.