ಫ್ಯಾನ್ ಕಾಯುವವರ ಕೂಗು

ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಈರಬಸಪ್ಪ ತಾನು ಕಾಯುವ ಗಾಳಿಯಂತ್ರದ ಬುಡದಲ್ಲಿ ನಿಂತು, ಎರಡೂ ಅಂಗೈಗಳನ್ನು ಬಾಯಿಯ ಪಕ್ಕ ಹಿಡಿದು ಕುರಿ ಕರೆಯುತ್ತಿದ್ದ. ಗುಡ್ಡದ ಮೇಲೆ ಒಂದು ಕುರಿಯೂ ಇರಲಿಲ್ಲ.

ಹೊಸದುರ್ಗದ ಕಡೆಯ ಈ ಗುಡ್ಡಸಾಲಿನಲ್ಲಿ ಅವನ ಅಪ್ಪ ಕುರಿ ಮೇಯಿಸಿದ್ದ, ಅವನೂ ಮೇಯಿಸಿದ್ದ. ಮಂಡಿನೋವು ಬಂದ ಮೇಲೆ ಕುರಿಗಳನ್ನು ತಮ್ಮನಿಗೆ ಬಿಟ್ಟು ಅದೇ ಗುಡ್ಡದಲ್ಲಿ ಕಾವಲುಗಾರನಾದ. ಗಾಳಿಯಂತ್ರಕ್ಕೆ ಊರವರು ಫ್ಯಾನ್ ಎನ್ನುತ್ತಾರೆ. ಒಂದು ಫ್ಯಾನಿಗೆ ಒಂದು ಪಾಳಿಯಲ್ಲಿ ಒಬ್ಬನೇ ಕಾವಲು. ಅದನ್ನು ಬಿಟ್ಟು ಕದಲುವಂತಿಲ್ಲ, ವಾರದ ರಜೆಯೂ ಇಲ್ಲ. ಸಂಘ ಬೇಕೆಂದು ಎಲ್ಲರಿಗೂ ಅನ್ನಿಸಿತ್ತು. ಕೂತು ಮಾತಾಡಲು ಇಬ್ಬರು ಒಂದೆಡೆ ಸಿಗುತ್ತಿರಲಿಲ್ಲ.

ಫೋನಿನಲ್ಲೇ ಮಾತಾಡಿಕೊಂಡು ಸಂಘವೇನೋ ಆಯಿತು. ಕೆಟ್ಟದ್ದೂ ಫೋನಿನಿಂದಲೇ. ಅವರಲ್ಲೆಲ್ಲ ಚಿಕ್ಕವನಾದ ದುರುಗೇಶ್ ಒಂದು ದಿನ ‘ಸಂಘದವರೆಲ್ಲ ಬಾಗೂರಿಗೆ ಬರ್ರಿ’ ಎಂದು ತಪ್ಪಿ ಬೇರೆ ವಾಟ್ಸಾಪ್ ಗುಂಪಿಗೆ ಹಾಕಿದ. ಅದು ಗುತ್ತಿಗೆದಾರನ ಸೂಪರ್‌ವೈಸರ್ ರಘುನಾಥ್ ಹಾಜರಿಗೆಂದು ಮಾಡಿದ್ದ ಗುಂಪು. ಎಲ್ಲರಿಗಿಂತ ಮೊದಲು ಹೆಬ್ಬೆರಳಿನ ಚಿತ್ರ ಒತ್ತಿದವನೂ ರಘುನಾಥನೇ. ಮರುದಿನದಿಂದ ದುರುಗೇಶನಿಗೆ ಕೆಲಸ ಇಲ್ಲವೆಂದಾಯಿತು.

ಆಮೇಲೆ ಈರಬಸಪ್ಪ ಫೋನು ಜೇಬಿಗಿಟ್ಟು ಕೂಗತೊಡಗಿದ. ಕುರಿಗಳನ್ನು ನೀರಿಗೆ ಕೂಡಿಸುವ ಉದ್ದನೆಯ ಕೂಗು. ಕುರಿ ಇದ್ದ ಮನೆಗಳಿಂದಲೇ ಬಂದ ಕಾವಲುಗಾರರಿಗೆ ಅದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ರೆಕ್ಕೆಗಳು ತಿರುಗುತ್ತಿದ್ದರೆ ಕೂಗು ಸದ್ದಿನಲ್ಲಿ ಮುಳುಗುತ್ತದೆ. ಬೆಳಗ್ಗೆ ಗಾಳಿ ತಗ್ಗಿದಾಗ ಮಾತ್ರ ಒಬ್ಬನಿಂದ ಒಬ್ಬನಿಗೆ ದಾಟುತ್ತದೆ. ಪಾಳಿ ಬದಲಾಗುವುದೂ ಅದೇ ಹೊತ್ತಿಗೆ, ರಾತ್ರಿಯವರೂ ಹಗಲಿನವರೂ ದಾರಿಯಲ್ಲಿ ಎದುರಾಗುತ್ತಾರೆ.

ಆವತ್ತು ದಾರಿಬದಿಯ ಬಂಡೆಯ ಹತ್ತಿರ ಎಲ್ಲರೂ ಕೂಡಿದರು. ಚಿತ್ರದುರ್ಗದ ಕಾರ್ಮಿಕ ಕಚೇರಿಯಲ್ಲಿ ಅಂದೇ ಮಾತುಕತೆ, ಸಂಘದ ಪರವಾಗಿ ಹೋಗುವವನು ಈರಬಸಪ್ಪ. ಹಿಂದಿನ ಸಂಜೆ ರಘುನಾಥ್ ಹೇಳಿ ಕಳಿಸಿದ್ದ: ಸಂಘವನ್ನು ಒಪ್ಪುತ್ತೇವೆ, ವಾರದ ರಜೆಯನ್ನೂ ಕೊಡುತ್ತೇವೆ, ದುರುಗೇಶನ ವಿಷಯ ಮಾತ್ರ ಎತ್ತಬಾರದು.

“ರಜ ಸಿಗ್ತೈತಲ್ಲ ಮಾವ,” ಎಂದ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಕನಕರಾಜ್. “ನಾನು ಮನಿಗೆ ಹೋಗೋದ್ರಾಗೆ ಮಗಳು ಸ್ಕೂಲಿಗೆ ಹೋಗಿರ್ತಾಳೆ. ಅವಳು ಬರೋದ್ರಾಗೆ ನಾನು ಇಲ್ಲಿಗೆ ಹೊಂಟಿರ್ತೀನಿ.”

ಅದು ನಿಜವೇ ಆಗಿತ್ತು. ಈರಬಸಪ್ಪ ಮಂಡಿ ಹಿಡಿದುಕೊಂಡು ಬಂಡೆಗೆ ಒರಗಿದ.

“ನಂಗೂ ಬೇಕು ಕಣಲೇ ರಜ. ಆದ್ರೆ ಆ ದಿನ ಮಗಳ ಕೈ ಹಿಡ್ಕಂಡು ಪ್ಯಾಟೆಗೆ ಹೊಂಟ್ರೆ ದುರುಗೇಶನ ಮನೆ ಮುಂದೇ ಹೋಗ್ಬೇಕಲ್ಲ? ಅವನು ‘ಬರ್ರಿ, ಕುಂತ್ಕಳ್ರಿ’ ಅಂತಾನೆ. ಕುಂತ್ಕಂತೀಯ?”

ಕನಕರಾಜ್ ಕಾಲಿನಿಂದ ಒಂದು ಕಲ್ಲನ್ನು ಅತ್ತಿತ್ತ ಸರಿಸಿದ. “ಹೋಗಿ ಬಾ ಮಾವ. ಬಸ್ ತಪ್ಪಿದ್ರೆ ಈ ಭಾಷಣ ನಾವೇ ಕೇಳ್ಬೇಕಾಗ್ತೈತೆ.”

ಬಸ್ಸಿನಲ್ಲಿ ದುರುಗೇಶ್ ಪಕ್ಕದಲ್ಲೇ ಕೂತಿದ್ದ. ಈರಬಸಪ್ಪನ ಹೆಂಡತಿ ರೇಣುಕಮ್ಮ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿದ್ದಳು. ಈರಬಸಪ್ಪ ಗಂಟು ಬಿಚ್ಚಿ ಮುಂದೆ ಹಿಡಿದ.

“ನನ್ನಿಂದ ಎಲ್ಲಾರ ರಜ ಹಾಳಾಗೋದು ಬ್ಯಾಡ ಮಾವ. ನನ್ ಹೆಸ್ರು ಬಿಟ್ಬಿಡು.”

“ರೊಟ್ಟಿ ತಿನ್ನಲೇ, ಆರ್ತೈತೆ.”

ರೊಟ್ಟಿ ಯಾವಾಗಲೋ ಆರಿತ್ತು.

ದುರುಗೇಶನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಈರಬಸಪ್ಪ ಒಳಗೆ ಹೋದ. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಅಧಿಕಾರಿಯ ಮೇಜಿನ ಮುಂದೆ ಮರೆತುಹೋಯಿತು. ರಘುನಾಥ್ ಮಾತ್ರ ನಯವಾಗಿ ಮಾತಾಡಿದ. “ಈಗ ಕೆಲಸದಲ್ಲಿ ಇವರು ಹದಿನೆಂಟು ಜನ ಇದ್ದಾರೆ ಮೇಡಮ್. ಅಷ್ಟೂ ಜನಕ್ಕೆ ರಜೆ ಕೊಡ್ತೀವಿ. ಸಹಿ ಹಾಕಿದ್ರೆ ಇವತ್ತೇ ಮುಗೀತು.”

ಆವತ್ತು ಮುಗಿಯಲಿಲ್ಲ. ಈರಬಸಪ್ಪ ಸಹಿ ಹಾಕಲಿಲ್ಲ. ಮತ್ತೆರಡು ಸಲ ಚಿತ್ರದುರ್ಗದ ಬಸ್ ಹತ್ತಬೇಕಾಯಿತು. ಮಳೆಗಾಲ ಕಳೆದ ಮೇಲೆ ದುರುಗೇಶ್ ತನ್ನ ಫ್ಯಾನಿಗೆ ಮರಳಿದ. ರಜೆಯೂ ಬಂತು, ತಡವಾಗಿ.

ಒಳಗೆ ಅಂದು ಯಾರು ಏನು ವಾದಿಸಿದರೆಂದು ದುರುಗೇಶನಿಗೆ ಸರಿಯಾಗಿ ಗೊತ್ತಿಲ್ಲ. ಬಾಗಿಲು ಅರ್ಧ ತೆರೆದಿದ್ದಾಗ ಕೇಳಿದ್ದಷ್ಟೇ ಗೊತ್ತು. ಅಧಿಕಾರಿ ಈರಬಸಪ್ಪನ ಕಡೆ ತಿರುಗಿ, “ನೀವೇ ಹೇಳಿ, ನಿಮ್ಮ ಸಂಘದಲ್ಲಿ ಎಷ್ಟು ಜನ ಇದ್ದೀರಿ?” ಎಂದು ಕೇಳಿದರು. ಈರಬಸಪ್ಪ ತಡೆಯದೆ ಹೇಳಿದ:

“ಹತ್ತೊಂಬತ್ತು.”